ಜಿಲೇಬಿ ಮೀನಿನ ತೊಟ್ಟಿ: ನೀರು ಬದಲಿಸುವ ಮುನ್ನ

ಸುಂಟಿಕೊಪ್ಪದ ಕಡೆ ಇರುವ ನಮ್ಮ ತೋಟದ ಕೆರೆಯ ತುಂಬ ಜಿಲೇಬಿ ಮೀನು. ಮೊಜಾಂಬಿಕ್ ತಿಲಾಪಿಯಾ ಎಂಬ ಈ ಆಫ್ರಿಕಾದ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಓಡಿಸುವ ದಿನಗಳಲ್ಲಿ ಕೆರೆ ತಗ್ಗಿ, ಅಂಚಿನ ಕೆಸರಿನಲ್ಲಿ ಊಟದ ತಟ್ಟೆಯಷ್ಟಗಲದ ಗುಂಡಿಗಳು ಒತ್ತೊತ್ತಾಗಿ ಕಾಣುತ್ತವೆ. ಒಂದೊಂದನ್ನೂ ಒಂದು ಗಂಡು ಬಾಯಿಂದ ಕೆಸರೆತ್ತಿ ಉಗುಳಿ ತೋಡಿರುತ್ತದೆ. ಅವುಗಳ ಒಡೆಯರನ್ನು ಹತ್ತಿರದಿಂದ ನೋಡುವ ಆಸೆಗೇ ಜಗಲಿಯಲ್ಲಿ ಗಾಜಿನ ತೊಟ್ಟಿ ಇಟ್ಟೆ.

ತಳಕ್ಕೆ ಹೊಳೆಮರಳನ್ನು ದಪ್ಪಗೆ ಹಾಸಬೇಕು. ಮರಳಿಲ್ಲದಿದ್ದರೆ ಗುಂಡಿಯೂ ಇಲ್ಲ. ಕೆಲವು ಗಂಡು, ಅದಕ್ಕಿಂತ ಹೆಚ್ಚು ಹೆಣ್ಣು, ಅಡಗಲು ಒಡೆದ ಮಡಕೆಗಳು. ಬೇಗನೆ ಒಂದು ಗಂಡು ಯಜಮಾನನಾಯಿತು: ಮೈ ಕಡುಗಪ್ಪು, ಗದ್ದದಡಿ ಬಿಳುಪು, ರೆಕ್ಕೆಯಂಚಿನಲ್ಲಿ ಕೆಂಪು. ಸೋತ ಗಂಡುಗಳು ಹೆಣ್ಣಿನಂತೆಯೇ ಬೂದುಬಣ್ಣದಲ್ಲಿ ಉಳಿದವು.

ನನ್ನ ಕಣ್ಣೆಲ್ಲ ಈ ಬೂದು ಗಂಡುಗಳ ಮೇಲೆ. ಹೆಣ್ಣು ಗುಂಡಿಗಿಳಿದು ಮೊಟ್ಟೆಯಿಡುವ ಗಳಿಗೆಯಲ್ಲೇ ಅಂಥದೊಂದು ಮಗ್ಗುಲಿನಿಂದ ನುಸುಳಿ, ವೀರ್ಯ ಬಿಟ್ಟು ಸರ್ರನೆ ಹೊರಬೀಳುತ್ತದೆ. ಯಜಮಾನ ಅದನ್ನು ಹೆಣ್ಣೆಂದೇ ಬಗೆದು ಓಲೈಸುವುದೂ ಉಂಟು. ಅಮೆರಿಕದ ಬ್ಲೂಗಿಲ್ ಮೀನಿನಲ್ಲಿ ಕಳ್ಳಗಂಡು ಕಡೆಯವರೆಗೂ ಕಳ್ಳನೇ. ಜಿಲೇಬಿಯದು ಹಾಗಲ್ಲ. ಯಜಮಾನನನ್ನು ಎತ್ತಿ ಬೇರೆಡೆ ಬಿಟ್ಟ ಮೇಲೆ ಬೂದು ಗಂಡೊಂದು ಕಪ್ಪೇರಿ, ಗುಂಡಿ ತೋಡಲು ನಿಂತಿತು.

ಕಣ್ಣಿಗೆ ಕಾಣದ ವ್ಯವಹಾರ ನಡೆಯುವುದು ಮೂತ್ರದಲ್ಲಿ. ಬಲಿಷ್ಠ ಗಂಡು ಅದನ್ನು ದೊಡ್ಡ ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡು, ಸೆಣಸುವಾಗಲೂ ಹೆಣ್ಣನ್ನು ಓಲೈಸುವಾಗಲೂ ಚೂರುಚೂರೇ ಚಿಮ್ಮಿಸುತ್ತದೆ. ಅದರ ವಾಸನೆಗೆ ಎದುರಾಳಿಯ ಆವೇಶ ಇಳಿಯುತ್ತದೆ. ಹೆಣ್ಣಿನ ಮೊಟ್ಟೆ ಮಾಗಿಸುವ ಹಾರ್ಮೋನನ್ನು ಏರಿಸುವ ಎರಡು ಸ್ಟೀರಾಯ್ಡ್ ಗ್ಲುಕುರೊನೈಡ್‌ಗಳನ್ನು (ನೀರಿನಲ್ಲಿ ಕರಗುವಂತಾದ ಸ್ಟೀರಾಯ್ಡ್‌ಗಳನ್ನು) ವಿಜ್ಞಾನಿಗಳು ಈ ಮೂತ್ರದಲ್ಲೇ ಗುರುತಿಸಿ 2014ರಲ್ಲಿ ಪ್ರಕಟಿಸಿದರು.

ತೊಟ್ಟಿ ಇಡುವವರು ಗಮನಿಸಬೇಕಾದದ್ದು ಇದನ್ನೇ. ನೀರು ಪೂರ್ತಿ ಬದಲಿಸಿದ ದಿನ ಆ ವಾಸನೆಯೂ ನೀರಿನೊಡನೆ ಹೋಗಿ, ಇತ್ಯರ್ಥವಾಗಿದ್ದ ಜಗಳವೆಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಗಂಡುಗಳು ಬಾಯಿಗೆ ಬಾಯಿ ಕಚ್ಚಿಕೊಂಡು ತಳ್ಳಾಡುತ್ತವೆ, ಹುರುಪೆ ಉದುರುತ್ತದೆ. ಇದರ ಹತ್ತಿರದ ಬಂಧುವಾದ ನೈಲ್ ತಿಲಾಪಿಯಾದಲ್ಲೂ ಹೊಸ ನೀರಿಗೆ ಕಾದಾಟ ಹೆಚ್ಚುವುದನ್ನು ಪ್ರಯೋಗಗಳು ತೋರಿಸಿವೆ. ಹಾಗಾಗಿ ನಾನು ಕೊಳೆಯನ್ನಷ್ಟೇ ಕೊಳವೆಯಿಂದ ಎಳೆದು, ಹೋದಷ್ಟೇ ಕೆರೆನೀರನ್ನು ತುಂಬುತ್ತೇನೆ. ಯಜಮಾನನ ಗುಂಡಿಯ ಮರಳನ್ನು ಮುಟ್ಟುವುದಿಲ್ಲ.