ಪ್ರಾರ್ಥನೆಗೆ ಟೈಮ್ ಸಿಗದವರಿಗೆ ರಾತ್ರಿಯ ಹತ್ತು ನಿಮಿಷ

ಪ್ರಾರ್ಥನೆಗೆಂದು ಒಂದು ಗಂಟೆ ಬಿಡುವು ಹುಡುಕಬೇಡಿ, ಸಿಗುವುದಿಲ್ಲ. ಮಲಗುವ ಮುಂಚೆ ಹತ್ತು ನಿಮಿಷ ಸಾಕು.

ಸಂತ ಇಗ್ನೇಷಿಯಸ್ ಲೊಯೋಲಾ (1491–1556) ಕಲಿಸಿದ ಆತ್ಮಶೋಧನೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. 1880ರಲ್ಲಿ ಮಂಗಳೂರಿನ ನಮ್ಮ ಅಲೋಶಿಯಸ್ ಕಾಲೇಜು ಶುರು ಮಾಡಿದ ಜೆಸ್ವಿಟರು ಅವರು ಕಟ್ಟಿದ ಧಾರ್ಮಿಕ ಸಭೆಯವರೇ. ಮೊದಲು ದಿನಕ್ಕಾಗಿ ದೇವರಿಗೆ ಥ್ಯಾಂಕ್ಸ್ ಹೇಳಿ, ಸರಿಯಾಗಿ ನೋಡಲು ಬೆಳಕು ಕೇಳಿ. ಆಮೇಲೆ ಬೆಳಗ್ಗಿನಿಂದ ನಡೆದದ್ದನ್ನು ನಿಧಾನವಾಗಿ ನೋಡುತ್ತಾ ಬನ್ನಿ: ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಮೇಲೆ ರೇಗಿದ್ದು, ಆಫೀಸಿನಲ್ಲಿ ಯಾರೋ ಕೇಳದೆಯೇ ಚಾ ತಂದುಕೊಟ್ಟದ್ದು, ಮಗು ಕರೆದಾಗ ಮೊಬೈಲಿನಿಂದ ತಲೆ ಎತ್ತದೇ ಇದ್ದದ್ದು, ಎಲ್ಲವೂ. ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆಗೆ ಸಹಾಯ ಕೇಳಿ. ಅಷ್ಟೇ. ಥ್ಯಾಂಕ್ಸ್ ಬಿಟ್ಟು ಬರೀ ತಪ್ಪು ಎಣಿಸುತ್ತಾ ಕೂತರೆ ಒಂದೇ ವಾರದಲ್ಲಿ ಬೇಜಾರಾಗುತ್ತದೆ.

ಮನೆಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಇದ್ದರೆ ಅದು ಮುಗಿದ ಕೂಡಲೇ ಮಾಡಿ, ಎದ್ದು ಹೋದರೆ ಮತ್ತೆ ಕೂರುವುದು ಕಷ್ಟ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಬೈಬಲ್ ಆ್ಯಪ್ ತೆರೆದವರು ಎರಡೇ ನಿಮಿಷದಲ್ಲಿ ವಾಟ್ಸಾಪ್‌ನಲ್ಲಿರುತ್ತಾರೆ, ಅಲ್ವಾ?

ಬೆಳಗ್ಗೆ ಓದುವ ಮನಸ್ಸಿದ್ದರೆ ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಮೊದಲ ಅಧ್ಯಾಯದ 35ನೇ ವಚನದ ಹಿಂದೆ ಮುಂದೆ ನೋಡಿ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ಸೇರಿತ್ತು, ಆದರೂ ಯೇಸುಸ್ವಾಮಿ ನಸುಕಿನಲ್ಲೇ ಎದ್ದು ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥಿಸುತ್ತಿದ್ದರು. ಅಲ್ಲಿಗೂ ಶಿಷ್ಯ ಸೀಮೋನ ಹುಡುಕಿಕೊಂಡು ಬರುತ್ತಾನೆ, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಅಂತ!