ಒಂದು ದೇಶದ ರಾಸಾಯನಿಕ ಅಸ್ತ್ರಗಳನ್ನು ಇಲ್ಲವಾಗಿಸುವುದು ಹೇಗೆ: ಸಿರಿಯಾದ ಅನುಭವ ಕಲಿಸುವ ಕ್ರಮ

2013ರ ಆಗಸ್ಟ್ 21ರ ನಸುಕಿನಲ್ಲಿ ಡಮಾಸ್ಕಸ್ ನಗರದ ಅಂಚಿನ ಘೌತಾ ಪ್ರದೇಶದ ಮೇಲೆ ಬಿದ್ದ ರಾಕೆಟ್‌ಗಳಲ್ಲಿ ಸಾರಿನ್ ಎಂಬ ನರವಿಷವಿತ್ತು. ಸ್ವೀಡನ್ನಿನ ವಿಜ್ಞಾನಿ ಓಕೆ ಸೆಲ್‌ಸ್ಟ್ರೋಮ್ ಅವರ ನೇತೃತ್ವದ ವಿಶ್ವಸಂಸ್ಥೆಯ ತಂಡವು ಬದುಕುಳಿದವರ ರಕ್ತ ಮತ್ತು ಮೂತ್ರವನ್ನೂ ಅಲ್ಲಿನ ಮಣ್ಣನ್ನೂ ಪರೀಕ್ಷೆಗೊಳಪಡಿಸಿ, ಸೆಪ್ಟೆಂಬರ್ 16ರ ವರದಿಯಲ್ಲಿ ಅದನ್ನು ದೃಢಪಡಿಸಿತು. ಸತ್ತವರಲ್ಲಿ ಹಲವರು ಮಕ್ಕಳು. ಅದಾಗಿ ಸುಮಾರು ಹತ್ತು ತಿಂಗಳಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗಲೇ, ಸಿರಿಯಾ ತನ್ನ ಬಳಿ ಇದೆಯೆಂದು ಘೋಷಿಸಿದ್ದ ಸುಮಾರು 1,300 ಟನ್ ರಾಸಾಯನಿಕಗಳ ಕೊನೆಯ ಪೆಟ್ಟಿಗೆಯೂ ಆ ದೇಶದ ಬಂದರನ್ನು ಬಿಟ್ಟಿತ್ತು. ಇಂಥ ಕೆಲಸವನ್ನು ಹಲವು ದೇಶಗಳು ಕೂಡಿ ಮಾಡಬೇಕಾದರೆ ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಯಾರಿಗೆ ವಹಿಸಬೇಕು, ಎಲ್ಲಿ ಎಡವುವ ಸಾಧ್ಯತೆ ಇದೆ ಎಂಬುದನ್ನು ಸಿರಿಯಾದ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ. ಅಂತರರಾಷ್ಟ್ರೀಯ ವ್ಯವಹಾರಗಳನ್ನು ಅಭ್ಯಾಸ ಮಾಡುತ್ತಿರುವವರಿಗೂ, ಇಂಥ ಸುದ್ದಿಗಳನ್ನು ಓದಿ ಅಳೆಯಬೇಕಾದವರಿಗೂ ಈ ಕ್ರಮ ತಿಳಿದಿರಬೇಕು.

ಮೊದಲು ಕಾನೂನಿನ ಕಟ್ಟು

ಬೀಗ ಒಡೆಯುವ ಮೊದಲು ಕಾಗದ ಸಿದ್ಧವಾಗಬೇಕು. ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವು 1993ರಲ್ಲಿ ಸಹಿಗೆ ತೆರೆದು 1997ರ ಏಪ್ರಿಲ್ 29ರಂದು ಜಾರಿಗೆ ಬಂದಿತು; ಅದರ ಪಾಲನೆಯನ್ನು ನೋಡಿಕೊಳ್ಳುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿದೆ. ಸಿರಿಯಾ ಆ ಒಪ್ಪಂದದ ಹೊರಗಿತ್ತು. ಆದ್ದರಿಂದ 2013ರ ಸೆಪ್ಟೆಂಬರ್ 14ರಂದು ಎರಡು ಕೆಲಸಗಳು ಒಟ್ಟಿಗೆ ನಡೆದವು: ಜಿನೀವಾದಲ್ಲಿ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಮತ್ತು ರಷ್ಯಾದ ವಿದೇಶಾಂಗ ಸಚಿವ ಸೆರ್ಗೆಯ್ ಲಾವ್ರೊವ್ ನಿರ್ಮೂಲನದ ಚೌಕಟ್ಟಿಗೆ ಒಪ್ಪಿದರು, ಸಿರಿಯಾ ಒಪ್ಪಂದಕ್ಕೆ ಸೇರುವ ಪತ್ರವನ್ನು ಸಲ್ಲಿಸಿತು. ನಿಯಮದ ಪ್ರಕಾರ ಒಪ್ಪಂದ ಸಿರಿಯಾಕ್ಕೆ ಅನ್ವಯವಾಗಲು ಅಕ್ಟೋಬರ್ 14ರವರೆಗೆ ಕಾಯಬೇಕಿತ್ತಾದರೂ, ಆ ಮೂವತ್ತು ದಿನಗಳು ವ್ಯರ್ಥವಾಗದಂತೆ ತಾತ್ಕಾಲಿಕವಾಗಿ ಕೂಡಲೇ ಪಾಲಿಸುವುದಾಗಿ ಆ ದೇಶದಿಂದ ಒಪ್ಪಿಗೆ ಪಡೆಯಲಾಯಿತು. ಇದು ಸಣ್ಣ ಸಂಗತಿಯಂತೆ ಕಂಡರೂ, ತಪಾಸಕರು ಅಕ್ಟೋಬರ್ ಮೊದಲ ವಾರದಲ್ಲೇ ಸಿರಿಯಾದ ನೆಲದಲ್ಲಿ ಕೆಲಸ ಆರಂಭಿಸಲು ದಾರಿ ಮಾಡಿಕೊಟ್ಟದ್ದು ಇದೇ.

ಒಪ್ಪಂದ ಒಂದೇ ಸಾಲದು. ಹೇಗ್‌ನ ಸಂಸ್ಥೆ ತಾಂತ್ರಿಕ ಸಂಸ್ಥೆ. ಅದಕ್ಕೆ ಪರಿಶೀಲಿಸುವ ಅಧಿಕಾರವಿದೆಯೇ ಹೊರತು ಬಲವಂತಪಡಿಸುವ ಅಧಿಕಾರವಿಲ್ಲ. ಹಾಗಾಗಿ ಸೆಪ್ಟೆಂಬರ್ 27ರಂದು ಸಂಸ್ಥೆಯ ಕಾರ್ಯಕಾರಿ ಮಂಡಳಿ ವೇಳಾಪಟ್ಟಿಯನ್ನು ನಿರ್ಧರಿಸಿದ ಬೆನ್ನಲ್ಲೇ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2118ನೇ ನಿರ್ಣಯವನ್ನು ಅವಿರೋಧವಾಗಿ ಅಂಗೀಕರಿಸಿ ಆ ವೇಳಾಪಟ್ಟಿಗೆ ಬಲ ತುಂಬಿತು. ಯೋಜಕರು ಗಮನಿಸಬೇಕಾದ ಇನ್ನೊಂದು ಅಂಶವೂ ಈ ನಿರ್ಣಯದಲ್ಲಿದೆ. ರಾಸಾಯನಿಕ ಅಸ್ತ್ರಗಳನ್ನು ಯಾರಿಗೂ ಹಸ್ತಾಂತರಿಸಬಾರದೆಂದು ಮೂಲ ಒಪ್ಪಂದವೇ ವಿಧಿಸುತ್ತದೆ. ಅಂದರೆ ನಾಶಪಡಿಸುವ ಸದುದ್ದೇಶದಿಂದ ಇನ್ನೊಂದು ದೇಶ ಅವುಗಳನ್ನು ಹಡಗಿಗೆ ಏರಿಸಿಕೊಂಡರೂ ಅದು ಒಪ್ಪಂದದ ಉಲ್ಲಂಘನೆಯಾಗುತ್ತದೆ. ಸದಸ್ಯ ರಾಷ್ಟ್ರಗಳು ಸಿರಿಯಾದ ದಾಸ್ತಾನನ್ನು ವಶಕ್ಕೆ ಪಡೆದು, ಸಾಗಿಸಿ, ನಾಶಪಡಿಸಬಹುದೆಂದು 2118ನೇ ನಿರ್ಣಯ ವಿಶೇಷ ಅನುಮತಿ ನೀಡಿದ್ದರಿಂದಲೇ ಮುಂದಿನ ಕೆಲಸವೆಲ್ಲ ಸಾಧ್ಯವಾಯಿತು. 2016ರಲ್ಲಿ ಲಿಬಿಯಾದಲ್ಲಿ ಉಳಿದಿದ್ದ ರಾಸಾಯನಿಕಗಳನ್ನು ಜರ್ಮನಿಗೆ ಸಾಗಿಸುವಾಗಲೂ 2298ನೇ ನಿರ್ಣಯದ ಮೂಲಕ ಇದೇ ಮಾರ್ಗವನ್ನು ಅನುಸರಿಸಲಾಯಿತು.

ಘೋಷಣೆಯೇ ಅಡಿಪಾಯ

ಎರಡನೆಯ ಹೆಜ್ಜೆ ಘೋಷಣೆ. ಯಾವ ರಾಸಾಯನಿಕ ಎಷ್ಟಿದೆ, ಎಲ್ಲಿದೆ, ಅದನ್ನು ತಯಾರಿಸಿದ ಘಟಕಗಳು ಯಾವುವು, ತುಂಬಲು ಬಳಸಿದ ಯಂತ್ರಗಳು ಯಾವುವು, ಸಂಶೋಧನೆ ಎಲ್ಲಿ ನಡೆಯಿತು ಎಂಬುದನ್ನೆಲ್ಲ ಆ ದೇಶವೇ ಬರೆದು ಕೊಡಬೇಕು. ಸಿರಿಯಾ 23 ತಾಣಗಳನ್ನು ಹೆಸರಿಸಿತು. ಅಕ್ಟೋಬರ್ ಕೊನೆಯೊಳಗೆ ತಪಾಸಕರು ಅವುಗಳಲ್ಲಿ 21ನ್ನು ಖುದ್ದಾಗಿ ನೋಡಿ ಬಂದರು. ಉಳಿದೆರಡು ಯುದ್ಧದ ಕಾರಣ ತಲುಪಲಾಗದಷ್ಟು ಅಪಾಯದಲ್ಲಿದ್ದವು. ಅವುಗಳಲ್ಲಿ ಒಂದಕ್ಕೆ ಸಂಸ್ಥೆಯು ಮುದ್ರೆ ಹಾಕಿದ ಕ್ಯಾಮೆರಾಗಳನ್ನು ಸಿರಿಯಾದ ಸಿಬ್ಬಂದಿಯ ಕೈಗೆ ಕೊಟ್ಟು ಕಳುಹಿಸಿ, ಸ್ಥಳದ ಮಾಹಿತಿಯೊಂದಿಗೆ ಬಂದ ಚಿತ್ರಗಳನ್ನು ತಾಳೆ ನೋಡಿತು. ತಪಾಸಕರು ಹೋಗಲಾಗದ ಕಡೆ ಈ ಉಪಾಯ ಉಪಯುಕ್ತವೇ; ಆದರೆ ಅದನ್ನು ಖುದ್ದು ಭೇಟಿಗೆ ಸಮನೆಂದು ಎಣಿಸಬಾರದು.

ಇಡೀ ಕಾರ್ಯಕ್ರಮದ ಗಟ್ಟಿತನ ಈ ಘೋಷಣೆಯ ಪ್ರಾಮಾಣಿಕತೆಯನ್ನೇ ಅವಲಂಬಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಟ್ಟಿಯಲ್ಲಿ ಬರೆದದ್ದನ್ನು ತೂಗಬಹುದು, ಎಣಿಸಬಹುದು, ನಾಶಪಡಿಸಬಹುದು. ಬರೆಯದೆ ಬಿಟ್ಟದ್ದರ ಬೆನ್ನು ಹತ್ತಲು ವರ್ಷಗಳೇ ಬೇಕಾಗುತ್ತವೆ. ಆದ್ದರಿಂದ ಘೋಷಣೆ ಕೈಸೇರಿದ ದಿನವೇ ಅದನ್ನು ಪ್ರಶ್ನಿಸುವ ಪ್ರತ್ಯೇಕ ತಂಡವೊಂದನ್ನು ರಚಿಸಬೇಕು. ಆಮದು ಮಾಡಿಕೊಂಡ ಕಚ್ಚಾವಸ್ತುಗಳ ಲೆಕ್ಕ, ಉತ್ಪಾದನಾ ದಾಖಲೆಗಳು, ಕೆಲಸ ಮಾಡಿದ ವಿಜ್ಞಾನಿಗಳ ಹೇಳಿಕೆಗಳು ಮತ್ತು ಸ್ಥಳದಲ್ಲಿ ತೆಗೆದ ಮಾದರಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು ಆ ತಂಡದ ಕೆಲಸ. ಸಿರಿಯಾದ ವಿಷಯದಲ್ಲಿ ಇಂಥ ತಂಡ ರಚನೆಯಾದದ್ದು 2014ರಲ್ಲಿ, ಅಂದರೆ ರಾಸಾಯನಿಕಗಳ ಸಾಗಣೆ ನಡೆಯುತ್ತಿದ್ದ ಕಾಲದಲ್ಲಿ. ಅದು ಇನ್ನೂ ಮೊದಲೇ ಆಗಬೇಕಿತ್ತು.

ರಾಸಾಯನಿಕಕ್ಕಿಂತ ಮೊದಲು ಯಂತ್ರ

ವಿಷ ತುಂಬಿದ ಪೀಪಾಯಿಗಳನ್ನು ಮೊದಲು ಸಾಗಿಸಬೇಕೆಂದು ಮನಸ್ಸು ಅವಸರಪಡುವುದು ಸಹಜ. ಸಿರಿಯಾದಲ್ಲಿ ಮಾತ್ರ ಮೊದಲ ಗುರಿ ಬೇರೆಯಾಗಿತ್ತು: 2013ರ ನವೆಂಬರ್ 1ರೊಳಗೆ ತಯಾರಿಕೆಯ, ಮಿಶ್ರಣದ ಮತ್ತು ತುಂಬುವ ಯಂತ್ರಗಳನ್ನು ಕೆಲಸಕ್ಕೆ ಬಾರದಂತೆ ಮಾಡುವುದು. ಅದಕ್ಕೆ ಬೇಕಾದದ್ದು ಸಾಧಾರಣ ಕಾರ್ಯಾಗಾರದ ಸಲಕರಣೆಗಳು. ಗ್ಯಾಸ್ ಕಟ್ಟರ್ ಮತ್ತು ಗ್ರೈಂಡರ್‌ಗಳಿಂದ ಕ್ಷಿಪಣಿಯ ಸಿಡಿತಲೆಗಳನ್ನೂ ಬಾಂಬುಗಳ ಕವಚಗಳನ್ನೂ ಮಿಶ್ರಣ ಯಂತ್ರಗಳನ್ನೂ ಕತ್ತರಿಸಲಾಯಿತು. ಕತ್ತರಿಸಿದವರು ಸಿರಿಯಾದವರೇ, ತಪಾಸಕರು ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ದಾಖಲಿಸಿದರು. ನಾಶಪಡಿಸುವ ಹೊಣೆ ಅಸ್ತ್ರ ಹೊಂದಿದ ದೇಶದ್ದೇ ಎಂಬುದು ಒಪ್ಪಂದದ ಮೂಲ ನಿಯಮ. ಗಡುವಿಗೆ ಒಂದು ದಿನ ಮೊದಲು, ಅಕ್ಟೋಬರ್ 31ರಂದು, ಈ ಹಂತ ಮುಗಿದಿದೆಯೆಂದು ಸಂಸ್ಥೆ ಪ್ರಕಟಿಸಿತು. ಇದೇ ತಿಂಗಳಲ್ಲಿ ಆ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿಯೂ ಘೋಷಣೆಯಾಗಿತ್ತು.

ಈ ಕ್ರಮದ ಹಿಂದಿನ ತರ್ಕ ಸರಳ. ಸಿರಿಯಾದ ದಾಸ್ತಾನಿನ ಬಹುಪಾಲು, ಬಳಸುವ ಮುನ್ನ ಬೆರೆಸಬೇಕಾದ ಪೂರ್ವವಸ್ತುಗಳ ರೂಪದಲ್ಲಿತ್ತು; ಬೆರೆಸುವ ಮತ್ತು ತುಂಬುವ ಯಂತ್ರವೇ ಇಲ್ಲದಿದ್ದರೆ ಪೀಪಾಯಿಯಲ್ಲಿರುವ ದ್ರವ ಅಪಾಯಕಾರಿ ವಸ್ತುವಾಗಿ ಉಳಿಯುತ್ತದೆಯೇ ಹೊರತು, ಮರುದಿನವೇ ಹಾರಿಸಬಹುದಾದ ಅಸ್ತ್ರವಾಗುವುದು ಕಠಿಣ. ಸಾಗಣೆ ತಡವಾದರೂ ಆ ಅವಧಿಯಲ್ಲಿ ಅಪಾಯ ಕಡಿಮೆಯಿರುತ್ತದೆ. ಸಾಗಣೆ ತಡವಾಗಿಯೂ ಆಯಿತು.

ರಸ್ತೆ, ಬಂದರು, ಹಡಗು

ಸಾಗಣೆಯ ಹಂತಕ್ಕೆ ಒಬ್ಬರೇ ಹೊಣೆಗಾರರಿರಬೇಕು. ವಿಶ್ವಸಂಸ್ಥೆ ಮತ್ತು ಹೇಗ್‌ನ ಸಂಸ್ಥೆ ಸೇರಿ ಜಂಟಿ ಕಾರ್ಯಪಡೆಯನ್ನು ರಚಿಸಿ, ನೆದರ್ಲೆಂಡ್ಸ್‌ನ ರಾಜತಾಂತ್ರಿಕೆ ಸಿಗ್ರಿಡ್ ಕಾಗ್ ಅವರನ್ನು ಅದರ ವಿಶೇಷ ಸಂಯೋಜಕಿಯನ್ನಾಗಿ ನೇಮಿಸಿದವು. ಸರ್ಕಾರದೊಂದಿಗೂ ನೆರವು ನೀಡುವ ದೇಶಗಳೊಂದಿಗೂ ಭದ್ರತಾ ಮಂಡಳಿಯೊಂದಿಗೂ ಮಾತನಾಡುವ ಒಂದೇ ಮುಖವಿದ್ದುದು ಈ ಕೆಲಸಕ್ಕೆ ಒದಗಿದ ದೊಡ್ಡ ಬಲ.

ಕೆಲಸದ ಹಂಚಿಕೆಯನ್ನು ಪ್ರತಿ ದೇಶದ ಶಕ್ತಿಗೆ ತಕ್ಕಂತೆ ಮಾಡಲಾಯಿತು. ಕಂಟೇನರ್‌ಗಳನ್ನು ಅಮೆರಿಕ ಒದಗಿಸಿತು. ರಸ್ತೆಯಲ್ಲಿ ಸಾಗಿಸಲು ಕವಚವಿರುವ ಟ್ರಕ್ಕುಗಳನ್ನು ರಷ್ಯಾ ಕೊಟ್ಟಿತು. ಆಂಬುಲೆನ್ಸ್ ಮತ್ತು ನಿಗಾ ಕ್ಯಾಮೆರಾಗಳು ಚೀನಾದಿಂದ ಬಂದವು. ಸರಕು ಹಡಗುಗಳು ಡೆನ್ಮಾರ್ಕ್‌ನ ಆರ್ಕ್ ಫುಟುರಾ ಮತ್ತು ನಾರ್ವೆಯ ಟೈಕೊ. ಅವುಗಳಿಗೆ ಸಮುದ್ರದಲ್ಲಿ ಕಾವಲಾಗಿ ಡೆನ್ಮಾರ್ಕ್, ನಾರ್ವೆ, ಬ್ರಿಟನ್, ರಷ್ಯಾ ಮತ್ತು ಚೀನಾದ ನೌಕೆಗಳು ನಿಂತವು. ಭದ್ರತಾ ಮಂಡಳಿಯಲ್ಲಿ ಸಿರಿಯಾದ ಯುದ್ಧದ ಬಗ್ಗೆ ಒಂದು ಮಾತಿಗೂ ಒಪ್ಪದ ದೇಶಗಳ ಯುದ್ಧನೌಕೆಗಳು ಒಂದೇ ಸರಕನ್ನು ಕಾದವೆಂಬುದನ್ನು ನೆನೆದಾಗ ಈಗಲೂ ಮನಸ್ಸಿಗೆ ಸಮಾಧಾನವಾಗುತ್ತದೆ.

ಸಿರಿಯಾದೊಳಗೆ ಪೀಪಾಯಿಗಳನ್ನು ಕಟ್ಟಿ ಲಟಾಕಿಯಾ ಬಂದರಿನವರೆಗೆ ತರುವ ಹೊಣೆ ಸಿರಿಯಾ ಸರ್ಕಾರದ್ದಾಗಿತ್ತು. ಅತ್ಯಂತ ಅಪಾಯಕಾರಿಯಾದವು 2013ರ ಡಿಸೆಂಬರ್ 31ರೊಳಗೆ, ಉಳಿದವು 2014ರ ಫೆಬ್ರುವರಿ 5ರೊಳಗೆ ಹೊರಹೋಗಬೇಕಿತ್ತು. ಎರಡೂ ಗಡುವುಗಳು ತಪ್ಪಿದವು. ಮೊದಲ ಸರಕು ಹಡಗೇರಿದ್ದು ಜನವರಿ 7ರಂದು, ಕೊನೆಯದು ಜೂನ್ 23ರಂದು. ರಸ್ತೆಯ ಅಪಾಯ ನಿಜವೇ ಆಗಿದ್ದರೂ, ವಿಳಂಬ ಉದ್ದೇಶಪೂರ್ವಕವೆಂಬ ಆರೋಪವೂ ಕೇಳಿಬಂದಿತ್ತು. ಆದ್ದರಿಂದ ಗಡುವನ್ನು ಬರೆಯುವಾಗ ಅದು ತಪ್ಪಿದರೆ ಏನಾಗುತ್ತದೆಂಬುದನ್ನೂ ಸ್ಪಷ್ಟವಾಗಿ ಬರೆದಿಡಬೇಕು. 2118ನೇ ನಿರ್ಣಯದಲ್ಲಿ ಉಲ್ಲಂಘನೆಗೆ ಕ್ರಮ ಕೈಗೊಳ್ಳುವ ಮಾತಿತ್ತಾದರೂ, ಅದಕ್ಕೆ ಮತ್ತೊಂದು ನಿರ್ಣಯ ಬೇಕಾಗುತ್ತಿತ್ತು. ಮತ್ತೊಂದು ನಿರ್ಣಯಕ್ಕೆ ವೀಟೊ, ಅಂದರೆ ಮಂಡಳಿಯ ಕಾಯಂ ಸದಸ್ಯ ರಾಷ್ಟ್ರವೊಂದರ ತಡೆ, ಬೀಳಬಹುದಿತ್ತು.

ಎಲ್ಲಿ ನಾಶಪಡಿಸುವುದು

ಯಾರ ನೆಲದಲ್ಲಿ ನಾಶಪಡಿಸಬೇಕೆಂಬ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದದ್ದು. ತನ್ನಲ್ಲಿದ್ದ 16 ಟನ್ ಸಾಸಿವೆ ಅನಿಲವನ್ನು (ಚರ್ಮವನ್ನು ಸುಡುವ ವಿಷ) 2007ರಲ್ಲೇ ನಾಶಪಡಿಸಿ, ಘೋಷಿತ ದಾಸ್ತಾನನ್ನು ಪೂರ್ಣವಾಗಿ ನಾಶಪಡಿಸಿದ ಮೊದಲ ದೇಶವೆನಿಸಿದ್ದ ಅಲ್ಬೇನಿಯಾವನ್ನು ಈ ಕೆಲಸಕ್ಕೆ ಕೇಳಲಾಯಿತು. ರಾಜಧಾನಿ ಟಿರಾನಾದಲ್ಲಿ ಜನ ಬೀದಿಗಿಳಿದರು. 2013ರ ನವೆಂಬರ್ 15ರಂದು ಆ ದೇಶ ಒಲ್ಲೆನೆಂದಿತು. ಜನರ ಹಿಂಜರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ತಮ್ಮ ಊರಿಗೆ ಏನು ಬರುತ್ತದೆ, ಏನು ಉಳಿಯುತ್ತದೆ ಎಂದು ಕೇಳುವ ಹಕ್ಕು ಅವರಿಗಿದೆ. ಸರ್ಕಾರದ ಒಪ್ಪಿಗೆ ಪಡೆಯುವ ಮೊದಲೇ ಜನರ ಮುಂದೆ ವಿವರಗಳನ್ನು ಇಡುವುದನ್ನು ಯೋಜನೆಯ ಭಾಗವಾಗಿಸಬೇಕು.

ಯಾವ ನೆಲವೂ ಸಿಗದಿದ್ದಾಗ ಸಮುದ್ರವೇ ಗತಿಯಾಯಿತು. ಅಮೆರಿಕದ ಕೇಪ್ ರೇ ಎಂಬ ಸರಕು ಹಡಗಿನೊಳಗೆ, ವಿಷವನ್ನು ನೀರು ಮತ್ತು ಇತರ ರಾಸಾಯನಿಕಗಳೊಂದಿಗೆ ಬೆರೆಸಿ ಒಡೆಯುವ, ಹೈಡ್ರಾಲಿಸಿಸ್ ಎಂದು ಕರೆಯುವ ಕ್ರಿಯೆಯ ಎರಡು ಸಾಗಿಸಬಹುದಾದ ಘಟಕಗಳನ್ನು ಜೋಡಿಸಲಾಯಿತು. ಜುಲೈ 2ರಂದು ಇಟಲಿಯ ಜೋಯಾ ತೌರೊ ಬಂದರಿನಲ್ಲಿ 78 ಕಂಟೇನರ್‌ಗಳು ಆರ್ಕ್ ಫುಟುರಾದಿಂದ ಕೇಪ್ ರೇಗೆ ವರ್ಗವಾದವು. ಮೆಡಿಟರೇನಿಯನ್ ಸಮುದ್ರದ ಅಂತರರಾಷ್ಟ್ರೀಯ ಜಲಪ್ರದೇಶದಲ್ಲಿ, ಸಾರಿನ್‌ನ ಪೂರ್ವವಸ್ತು 581 ಟನ್ ಮತ್ತು ಸಾಸಿವೆ ಅನಿಲ 19.8 ಟನ್, ಆಗಸ್ಟ್ 18ರ ಹೊತ್ತಿಗೆ ಪೂರ್ತಿ ನಿಷ್ಕ್ರಿಯವಾದವು. ಗ್ರೀಸಿನ ಕ್ರೀಟ್ ದ್ವೀಪದ ಜನ ತಮ್ಮ ಕಡಲು ಕೆಡುತ್ತದೆಂದು ಪ್ರತಿಭಟಿಸಿದ್ದರು. ಆದರೆ ಕಡಲಿಗೆ ಏನನ್ನೂ ಬಿಡದಿರುವುದು ಯೋಜನೆಯ ಕಟ್ಟುನಿಟ್ಟಿನ ಷರತ್ತಾಗಿತ್ತು. ಹೈಡ್ರಾಲಿಸಿಸ್‌ನಿಂದ ವಿಷ ಮಾಯವಾಗುವುದಿಲ್ಲ, ಕಡಿಮೆ ಅಪಾಯದ ದ್ರವತ್ಯಾಜ್ಯವಾಗುತ್ತದೆ. ಅದರ ಪ್ರಮಾಣ ಮೂಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ತ್ಯಾಜ್ಯವನ್ನು ಫಿನ್ಲೆಂಡ್ ಮತ್ತು ಜರ್ಮನಿ ವಿಲೇವಾರಿ ಮಾಡಿದವು. ಇತರ ರಾಸಾಯನಿಕಗಳು ಬ್ರಿಟನ್, ಫಿನ್ಲೆಂಡ್ ಮತ್ತು ಅಮೆರಿಕದ ಕಾರ್ಖಾನೆಗಳಲ್ಲಿ ನಾಶವಾದವು. ಘೋಷಿತ ದಾಸ್ತಾನಿನ ಕೊನೆಯ ಅಂಶ ಅಮೆರಿಕದ ಟೆಕ್ಸಸ್‌ನಲ್ಲಿ ನಾಶವಾಗಿ, 2016ರ ಜನವರಿ 4ರಂದು ಆ ಸುದ್ದಿ ಪ್ರಕಟವಾಯಿತು. ಆದ್ದರಿಂದ "ಹಡಗಿನಲ್ಲಿ ಮುಗಿಯಿತು" ಎಂಬ ಸುದ್ದಿ ಓದಿದಾಗ, ತ್ಯಾಜ್ಯ ಎಲ್ಲಿಗೆ ಹೋಯಿತೆಂದು ಕೇಳುವುದನ್ನು ಮರೆಯಬಾರದು.

ಅನುಭವವಿರುವ ದೇಶಗಳನ್ನು ಈ ಹಂತದಲ್ಲಿ ಜೊತೆಗೂಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ದೇಶವೂ ಅವುಗಳಲ್ಲಿ ಒಂದು: 1997ರಲ್ಲಿ ಸುಮಾರು 1,044 ಟನ್ ಸಾಸಿವೆ ಅನಿಲ ತನ್ನಲ್ಲಿದೆಯೆಂದು ತಾನಾಗಿ ಘೋಷಿಸಿದ ಭಾರತ, ಅಂತರರಾಷ್ಟ್ರೀಯ ತಪಾಸಣೆಯಡಿ 2009ರೊಳಗೆ ಅದನ್ನೆಲ್ಲ ನಾಶಪಡಿಸಿ, ಅಲ್ಬೇನಿಯಾ ಮತ್ತು ದಕ್ಷಿಣ ಕೊರಿಯಾಗಳ ನಂತರ ಹಾಗೆ ಮಾಡಿದ ಮೂರನೆಯ ದೇಶವಾಯಿತು.

ಪಟ್ಟಿಯಲ್ಲಿಲ್ಲದ್ದು

ದಾಸ್ತಾನು ಹೊರಹೋದ ಮೇಲೆ ಕಡತವನ್ನು ಮುಚ್ಚುವ ಆತುರ ಎಲ್ಲರಿಗೂ ಇರುತ್ತದೆ. ಜಂಟಿ ಕಾರ್ಯಪಡೆ 2014ರ ಸೆಪ್ಟೆಂಬರ್ 30ರಂದು ಕೊನೆಗೊಂಡಿತು. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ, ಲಟಾಕಿಯಾದಲ್ಲಿ ಪೀಪಾಯಿಗಳು ಹಡಗೇರುತ್ತಿದ್ದಾಗಲೇ, ತಲ್ಮೆನೆಸ್ ಮತ್ತು ಕಫ್ರ್ ಜೀಟಾದಂಥ ಹಳ್ಳಿಗಳ ಮೇಲೆ ಕ್ಲೋರಿನ್ ಪ್ರಯೋಗವಾಗಿತ್ತು. ನೀರು ಶುದ್ಧೀಕರಣಕ್ಕೂ ಬಳಕೆಯಾಗುವ ಕ್ಲೋರಿನ್ ಘೋಷಿಸಬೇಕಾದ ವಸ್ತುಗಳಲ್ಲಿ ಸೇರದು. ಆದರೆ ಅದನ್ನು ಅಸ್ತ್ರವಾಗಿ ಬಳಸುವುದನ್ನು ಒಪ್ಪಂದ ನಿಷೇಧಿಸುತ್ತದೆ. ಸತ್ಯಶೋಧನೆಗೆ ಹೊರಟ ಹೇಗ್‌ನ ಸಂಸ್ಥೆಯ ತಂಡದ ವಾಹನಗಳ ಮೇಲೆ ಮೇ 27ರಂದು ದಾಳಿಯೂ ನಡೆಯಿತು. ಬಳಿಕ 2017ರ ಏಪ್ರಿಲ್ 4ರಂದು ಸಿರಿಯಾದ ಖಾನ್ ಶೇಖೂನ್ ಪಟ್ಟಣದಲ್ಲಿ ಮತ್ತೆ ಸಾರಿನ್ ಕಾಣಿಸಿಕೊಂಡಿತು. ಘೋಷಣೆ ಪೂರ್ಣವಾಗಿರಲಿಲ್ಲವೆಂಬ ಸಂಶಯಕ್ಕೆ ಇದಕ್ಕಿಂತ ನೋವಿನ ಪುರಾವೆ ಬೇಕಿರಲಿಲ್ಲ.

ಆದ್ದರಿಂದ ನಿರ್ಮೂಲನದ ಜೊತೆಜೊತೆಗೇ ಹೊಣೆಗಾರರನ್ನು ಗುರುತಿಸುವ ವ್ಯವಸ್ಥೆಯನ್ನೂ ಕಟ್ಟಬೇಕು, ಅದನ್ನು ವೀಟೊದ ನೆರಳಿನಿಂದ ಹೊರಗಿಡಬೇಕು. ಭದ್ರತಾ ಮಂಡಳಿ 2015ರಲ್ಲಿ ರಚಿಸಿದ ಜಂಟಿ ತನಿಖಾ ವ್ಯವಸ್ಥೆ ಖಾನ್ ಶೇಖೂನ್ ದಾಳಿಗೆ ಸಿರಿಯಾ ಸರ್ಕಾರವನ್ನು ಹೊಣೆಯಾಗಿಸಿತು; 2017ರ ನವೆಂಬರ್‌ನಲ್ಲಿ ರಷ್ಯಾದ ವೀಟೊದಿಂದ ಅದರ ಅವಧಿ ಮುಂದುವರಿಯಲಿಲ್ಲ. ಆಗ ಒಪ್ಪಂದದ ಸದಸ್ಯ ರಾಷ್ಟ್ರಗಳು 2018ರ ಜೂನ್‌ನಲ್ಲಿ ವಿಶೇಷ ಅಧಿವೇಶನದಲ್ಲಿ ಮತ ಹಾಕಿ, ಹೊಣೆಗಾರರನ್ನು ಗುರುತಿಸುವ ಅಧಿಕಾರವನ್ನು ಹೇಗ್‌ನ ಸಂಸ್ಥೆಗೇ ಕೊಟ್ಟವು. 2021ರ ಏಪ್ರಿಲ್‌ನಲ್ಲಿ ಸಿರಿಯಾದ ಮತದಾನವೂ ಸೇರಿದಂತೆ ಕೆಲವು ಹಕ್ಕುಗಳನ್ನು ಅಮಾನತುಗೊಳಿಸಿದವು.

2024ರ ಡಿಸೆಂಬರ್‌ನಲ್ಲಿ ಸಿರಿಯಾದ ಅಧ್ಯಕ್ಷ ಬಶರ್ ಅಲ್ ಅಸಾದ್ ಆಡಳಿತ ಉರುಳಿದ ಮೇಲೆ, ಸಂಸ್ಥೆಯ ಮಹಾನಿರ್ದೇಶಕ ಫೆರ್ನಾಂಡೊ ಅರಿಯಾಸ್ 2025ರ ಫೆಬ್ರುವರಿ 8ರಂದು ಡಮಾಸ್ಕಸ್‌ಗೆ ಹೋಗಿ ಹೊಸ ಆಡಳಿತದೊಂದಿಗೆ ಮಾತನಾಡಿದರು. ಈ ಸಲ ಕೆಲಸದ ಕ್ರಮ ಸ್ವಲ್ಪ ಬದಲಾಗಬೇಕಾಗುತ್ತದೆ: ಮೊದಲು ಹಳೆಯ ಕಚೇರಿಗಳ ಕಡತಗಳು ಸುಟ್ಟುಹೋಗದಂತೆ, ಲೂಟಿಯಾಗದಂತೆ ಕಾಯಬೇಕು; ನಂತರ ಬಾಯಿ ತೆರೆಯಲು ಸಿದ್ಧರಿರುವ ವಿಜ್ಞಾನಿಗಳಿಗೂ ಸಿಬ್ಬಂದಿಗೂ ರಕ್ಷಣೆ ಕೊಟ್ಟು ಹೇಳಿಕೆ ಪಡೆಯಬೇಕು; ಆಮೇಲೆ ಅವರು ತೋರಿಸಿದ ಪ್ರತಿಯೊಂದು ಜಾಗದ ಮಾದರಿಗಳನ್ನು ಪರೀಕ್ಷಿಸಿ, 2013ರ ಪಟ್ಟಿಯ ಪಕ್ಕದಲ್ಲಿಟ್ಟು, ಹೊಸ ಘೋಷಣೆಯನ್ನು ಮೊದಲಿನಿಂದ ಬರೆಯಬೇಕು.