ಪೆನ್ಷನ್ ಅರ್ಜಿ ಬರೆಯುವ ಮುಂಚೆ

ಅರಸೀಕೆರೆ ಕಡೆಯ ಹುಡುಗರು ಬಾರ್ಡರ್‌ನಿಂದ ನನಗೆ ಫೋನ್ ಮಾಡಿದರೆ ವಿಷಯ ಹೆಚ್ಚುಕಮ್ಮಿ ಒಂದೇ. "ಸಾಹೇಬ್ರೇ, 15 ವರ್ಷ ಆಗ್ತಾ ಬಂತು. ಸಾಕಾಗಿದೆ. ಬಿಟ್ಟು ಬರ್ಲಾ?" ನಾನು ಸೈನ್ಯದಲ್ಲಿ ಸುಬೇದಾರ್ ಆಗಿ ಪೆನ್ಷನ್ ಬಂದವನು. ಪಲ್ಟನ್‌ನಲ್ಲಿದ್ದಾಗ ಕಂಪನಿಯ ಸೀನಿಯರ್ ಜೆಸಿಒ (ಜವಾನರಿಗೂ ಆಫೀಸರ್‌ಗಳಿಗೂ ನಡುವಿನ ದರ್ಜೆಯವನು) ಆಗಿದ್ದರಿಂದ ನೌಕರಿ ಬಿಡುವ ಇಂಥ ಅರ್ಜಿಗಳು ಮೊದಲು ನನ್ನ ಮೇಜಿಗೇ ಬರುತ್ತಿದ್ದವು. ಇರು ಅಂತಲೂ ಹೇಳುವುದಿಲ್ಲ, ಬಾ ಅಂತಲೂ ಹೇಳುವುದಿಲ್ಲ. ಯೋಚನೆ ಮಾಡುವ ದಾರಿ ಮಾತ್ರ ಹೇಳುತ್ತೇನೆ.

ಮೊದಲನೆಯದು, ರಜೆಯಲ್ಲಿ ತೀರ್ಮಾನ ಮಾಡಬೇಡಿ. ಹಾಸನಾಂಬೆ ದರ್ಶನ ಮುಗಿಸಿ, ತಂಗಿ ಮನೆಯಲ್ಲಿ ಊಟ ಮಾಡಿ, ವಾಪಸ್ ರೈಲು ಹತ್ತೋಕೆ ಎರಡು ದಿನ ಇದೆ ಅನ್ನುವಾಗ ಎಂಥವನಿಗೂ ನೌಕರಿ ಬೇಡ ಅನ್ನಿಸುತ್ತದೆ. ಛುಟ್ಟಿ ಕ್ಯಾನ್ಸಲ್ ಆದ ದಿನವೂ ಅಷ್ಟೇ. ಯೂನಿಟ್‌ಗೆ ಹೋಗಿ ತಿಂಗಳಾದ ಮೇಲೂ ಅದೇ ಅನ್ನಿಸಿದರೆ ಪೆನ್ ತೆಗೆಯಿರಿ.

ಆದರೆ ಅರ್ಜಿ ಬರೆಯೋಕಲ್ಲ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ, ಪೋಸ್ಟಿಂಗ್ ಬದಲಾದರೆ ಹೋಗುವ ಬೇಸರ. ಬಲಗಡೆ, ಎಲ್ಲಿಗೆ ಹೋದರೂ ಹೋಗದ ಬೇಸರ. ಕಂಪನಿ ಕಮಾಂಡರ್ ಬಯ್ಯುತ್ತಾರಾ? ಎಡಗಡೆ ಬರೆಯಿರಿ, ಇನ್ನೆರಡು ವರ್ಷದಲ್ಲಿ ಅವರು ಇರುವುದಿಲ್ಲ. ಹಿಮದ ಪೋಸ್ಟ್? ಅದೂ ಎಡಗಡೆ, ಫೀಲ್ಡ್ (ಗಡಿ ಕಡೆಯ ಪೋಸ್ಟಿಂಗ್) ಮುಗಿದರೆ ಪೀಸ್ (ದಂಡುಪ್ರದೇಶದ ಪೋಸ್ಟಿಂಗ್) ಬರುತ್ತದೆ. ಮಂಡಿ ನೋವು, ನಿಮಗಿಂತ ಸೀನಿಯರ್‌ಗಳ ಸಾಲೇ ಉದ್ದ ಇದ್ದು ಪ್ರಮೋಷನ್‌ಗೆ ಜಾಗ ಇಲ್ಲದಿರುವುದು, ಮಾಡುವ ಕೆಲಸವೇ ಬೇಡವಾಗಿರುವುದು, ಇವೆಲ್ಲ ಬಲಗಡೆ.

ಸಕಲೇಶಪುರ ಕಡೆಯ ಒಬ್ಬ ಡ್ರೈವರ್ ಹುಡುಗನಿಗೆ ನನ್ನೆದುರೇ ಕೂತು ಬರೆಯೋಕೆ ಹೇಳಿದ್ದೆ. ಎಡಗಡೆ ಹಾಳೆ ತುಂಬಿತು. ಬಲಗಡೆ ಒಂದೇ ಸಾಲು: ಅವ್ವ ಒಬ್ಬಳೇ ಇದ್ದಾಳೆ. ನೋಡಿದರೆ ಅದೂ ಎಡಗಡೆಯದೇ. ಅದಕ್ಕೆ ಔಷಧಿ ಡಿಸ್ಚಾರ್ಜ್ ಅಲ್ಲ, ಮನೆ ಕಷ್ಟದ ಮೇಲೆ ಹತ್ತಿರದ ಪೋಸ್ಟಿಂಗ್ ಕೇಳುವುದು. ಕಾಗದಪತ್ರ ಸರಿ ಮಾಡಿ ಕಳಿಸಿದೆವು. ಬೆಂಗಳೂರು ಸಿಕ್ಕಿತು, ಹುಡುಗ ಉಳಿದ.

ಜಮೀನು ಭಾಗದ ಜಗಳಕ್ಕೆ ನೌಕರಿ ಬಿಡುವವರೂ ಇದ್ದಾರೆ. ಬಿಡಬೇಡಿ. ಸಿಒ ಸಾಹೇಬರ (ಯೂನಿಟ್‌ನ ಕಮಾಂಡಿಂಗ್ ಆಫೀಸರ್) ಕಡೆಯಿಂದ ಡಿಸಿಗೆ ಪತ್ರ ಬರೆಸಿ. ನೀವು ಗಡಿಯಲ್ಲಿರುವಾಗ ಊರಲ್ಲಿ ಕೇಸ್ ನಡೆದರೆ ವಿಚಾರಣೆ ಮುಂದೂಡುವಂತೆ ಕೇಳೋಕೆ 1925ರ ಕಾಯ್ದೆಯೇ ಇದೆ. ಎಷ್ಟೋ ಜನ ಜವಾನರಿಗೆ ಇದು ಗೊತ್ತಿಲ್ಲ.

ರಜೆ ವಿಷಯ. ಜವಾನನಿಗೆ ವರ್ಷಕ್ಕೆ 60 ದಿನ ಆ್ಯನ್ಯುಯಲ್, 30 ದಿನ ಕ್ಯಾಶುಯಲ್ ಲೀವ್. ವರ್ಷದ ಶುರುವಲ್ಲಿ ಲೀವ್ ಪ್ಲಾನ್ ಮಾಡುವಾಗಲೇ ಮದುವೆ, ಬಿತ್ತನೆ, ಹಬ್ಬ ಎಲ್ಲ ಬಾಯಿಬಿಟ್ಟು ಹೇಳಿ. ಹೇಳದೆ ಸುಮ್ನೆ ಕೂತು ಆಮೇಲೆ ಸಿಟ್ಟು ಮಾಡಿಕೊಂಡರೆ ಏನು ಪ್ರಯೋಜನ? ಹವಾಲ್ದಾರ್‌ಗಳಿಗೂ ಒಂದು ಮಾತು. ಹುಡುಗರು ನೌಕರಿ ಬಿಡುವುದು ಸಂಬಳ ಕಮ್ಮಿ ಅಂತಲ್ಲ. ಅವನಿಗೆ ರಜೆ ಕೊಟ್ಟರು, ನನಗೆ ಕೊಡಲಿಲ್ಲ ಅಂತ. ಯಾರಿಗೆ ಯಾವಾಗ ಸರದಿ ಅನ್ನುವುದನ್ನು ಎಲ್ಲರಿಗೂ ಕಾಣುವಂತೆ ಇಡಿ. ನಾನು ನೋಡಿದ ಅರ್ಧ ಅರ್ಜಿಗಳು ಇಷ್ಟು ಮಾಡಿದ್ದರೆ ಹುಟ್ಟುತ್ತಲೇ ಇರಲಿಲ್ಲ.

ಈಗ ದುಡ್ಡು. 15 ವರ್ಷ ತುಂಬಿದರೆ ಪೆನ್ಷನ್ ಇದೆ, ಕೊನೆಯ ಬೇಸಿಕ್ ಮತ್ತು ಮಿಲಿಟರಿ ಸರ್ವಿಸ್ ಪೇ ಸೇರಿಸಿ ಅದರ ಅರ್ಧ. ಬೇಸಿಕ್ 35,900 ಅಂತ ಇಟ್ಟುಕೊಳ್ಳಿ. 5,200 ಸೇರಿದರೆ 41,100, ಅರ್ಧ ಅಂದರೆ 20,550. ಇದರಲ್ಲಿ ಅರ್ಧದವರೆಗೆ ಕಮ್ಯುಟೇಶನ್ ಮಾಡಿ, ಅಂದರೆ ಆ ಭಾಗ ಬಿಟ್ಟುಕೊಟ್ಟು, ಮೊದಲೇ ಒಟ್ಟಿಗೆ ದುಡ್ಡು ತಗೊಳ್ಳಬಹುದು. ಆದರೆ ಆ ಭಾಗ 15 ವರ್ಷ ಕಡಿತ ಆಗುತ್ತದೆ. ಕೈಗೆ ಉಳಿಯುವುದು 10,275, ಜೊತೆಗೆ ಪೂರ್ತಿ ಪೆನ್ಷನ್ ಮೇಲಿನ ತುಟ್ಟಿಭತ್ಯೆ. ಹಾಸನದಲ್ಲಿ ಬಾಡಿಗೆ, ಮಕ್ಕಳ ಫೀಸು ಇದರಲ್ಲಿ ನಡೆಯುತ್ತದಾ ಅಂತ ಮನೆಯವರನ್ನೇ ಕೇಳಿ. ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು.

ಪ್ರಮೋಷನ್ ಸಿಗದವರಿಗೆ ಎಂಎಸಿಪಿ, ಅಂದರೆ ಪ್ರಮೋಷನ್ ಇಲ್ಲದೆಯೂ ಸಂಬಳದ ಹಂತ ಏರಿಸುವುದು, 8, 16, 24ನೇ ವರ್ಷಕ್ಕೆ ಬರುತ್ತದೆ. 15ಕ್ಕೆ ಬಿಟ್ಟರೆ 16ರದ್ದು ಹೋಯಿತು. ಪೆನ್ಷನ್ ಕೊನೆಯ ಸಂಬಳದ ಮೇಲೆ ತಾನೇ? ಒಂದು ವರ್ಷದ ಆತುರ ಸಾಯುವವರೆಗೂ ಕಡಿತವಾಗಿ ಕೂರುತ್ತದೆ. ಇನ್ನೊಂದು, ಒಆರ್‌ಒಪಿ, ಅಂದರೆ ಒಂದೇ ರ‍್ಯಾಂಕ್, ಒಂದೇ ಸರ್ವಿಸ್‌ನವರಿಗೆ ಯಾವಾಗ ಬಿಟ್ಟಿದ್ದರೂ ಒಂದೇ ಪೆನ್ಷನ್. ಸ್ವಂತ ಇಚ್ಛೆಯಿಂದ ಮುಂಚೆ ಬಿಡುವವರಿಗೆ ಅದರ ಲಾಭ ಇಲ್ಲ ಅಂತ 2015ರ ನವೆಂಬರ್ ಆದೇಶ ಹೇಳಿತು. ಇದರ ಮೇಲೆ ಕೋರ್ಟಿನಲ್ಲಿ ವಾದ ನಡೆದಿದೆ. ಹೆಡ್ ಕ್ಲರ್ಕ್ ಬಾಯಿಮಾತು ನಂಬಬೇಡಿ. ರೆಕಾರ್ಡ್ಸ್ ಆಫೀಸಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ.

ಗ್ರಾಚ್ಯುಟಿ, ಕಮ್ಯುಟೇಶನ್ ದುಡ್ಡು ನಮ್ಮ ಕಡೆ ಎಲ್ಲಿಗೆ ಹೋಗುತ್ತದೆ ಗೊತ್ತಲ್ವಾ? ಬೋರ್‌ವೆಲ್‌ಗೆ, ಇಲ್ಲವೇ ಗುತ್ತಿಗೆ ಜಮೀನಿನಲ್ಲಿ ಶುಂಠಿಗೆ. ರೇಟ್ ಇದ್ದ ವರ್ಷ ಹೊಸ ಕಾರು, ಕೊಳೆ ರೋಗ ಬಂದ ವರ್ಷ ಸೆಕ್ಯೂರಿಟಿ ಗಾರ್ಡ್ ಕೆಲಸ. "ಬಂದು ಶುಂಠಿ ಹಾಕ್ತೀನಿ" ಅನ್ನುವುದೇ ನಿಮ್ಮ ಪ್ಲಾನ್ ಆಗಿದ್ದರೆ ಮೊದಲು ಅಣ್ಣತಮ್ಮಂದಿರ ಜೊತೆ ಅರ್ಧ ಎಕರೆ ಹಾಕಿ ನೋಡಿ, ನೌಕರಿಯಲ್ಲಿ ಇದ್ದುಕೊಂಡೇ.

ಅಗ್ನಿಪಥ್‌ನಲ್ಲಿ ಸೇರಿದ ಅಗ್ನಿವೀರರದ್ದು ಬೇರೆ ಕಥೆ. 2022ರಲ್ಲಿ ಬಂದ ಯೋಜನೆ, 4 ವರ್ಷ, ಕಾಯಂ ಆಗುವುದು 25 ಪರ್ಸೆಂಟ್‌ವರೆಗೆ. ಉಳಿದವರಿಗೆ ಸುಮಾರು 11.71 ಲಕ್ಷ ಸೇವಾನಿಧಿ (ಹೊರಬರುವಾಗ ಒಟ್ಟಿಗೆ ಸಿಗುವ ದುಡ್ಡು), ಪೆನ್ಷನ್ ಇಲ್ಲ. ಅವರು ಇರಲಾ ಬಿಡಲಾ ಅಂತ ಕೇಳುವ ಹಾಗೇ ಇಲ್ಲ. ತಮ್ಮಾ, ಫಿಸಿಕಲ್, ಫೈರಿಂಗ್ ಎರಡನ್ನೂ ಮೊದಲ ವರ್ಷದಿಂದಲೇ ಬಿಗಿಯಾಗಿ ಹಿಡಿ. ಕೊನೇ ವರ್ಷ ಓಡಿದರೆ ಆಗುವುದಿಲ್ಲ.

ಇಷ್ಟೆಲ್ಲ ಆಗಿ ಬಲಗಡೆ ಪಟ್ಟಿಯೇ ಭಾರ ಅನ್ನಿಸಿದರೆ ಬನ್ನಿ, ತಪ್ಪೇನಿಲ್ಲ. ದುಃಖದಲ್ಲಿರುವವನು ಸೆಕ್ಷನ್‌ನಲ್ಲಿ ಇದ್ದರೆ ಪಕ್ಕದವನಿಗೂ ಕಷ್ಟ. ಆದರೆ ಕೊನೆಯ ವರ್ಷಗಳಲ್ಲಿ ಸಿಗುವ ರಿಸೆಟಲ್‌ಮೆಂಟ್ ಕೋರ್ಸ್ (ಹೊರಗಿನ ಕೆಲಸಕ್ಕೆ ತಯಾರು ಮಾಡುವ ತರಬೇತಿ) ಮಾಡಿಕೊಂಡು ಬನ್ನಿ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸರ್ವಿಸ್ ಇದ್ದರೆ ಕೇಂದ್ರದ ಗ್ರೂಪ್ ಸಿ ಕೆಲಸಗಳಿಗೆ ಪದವಿ ಇದ್ದಂತೆ ಲೆಕ್ಕ, ಆ ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ನೌಕರಿ ಬಿಡುವಾಗ ಆರೋಗ್ಯ ಪರೀಕ್ಷೆ ಮಾಡುವ ರಿಲೀಸ್ ಮೆಡಿಕಲ್ ಬೋರ್ಡ್‌ನಲ್ಲಿ ಗಂಡಸುತನ ತೋರಿಸೋಕೆ ಹೋಗಬೇಡಿ. ಕಿವಿ, ಮಂಡಿ, ಬೆನ್ನು, ಬಿಪಿ, ಎಲ್ಲ ಹೇಳಿ ಬರೆಸಿ. ಊರಿಗೆ ಬಂದ ವಾರದೊಳಗೆ ಡಿಸ್ಚಾರ್ಜ್ ಬುಕ್ ಹಿಡಿದು ಹಾಸನದ ಸೈನಿಕ ಕಲ್ಯಾಣ ಇಲಾಖೆಗೆ ಹೋಗಿ ಹೆಸರು ನೋಂದಾಯಿಸಿ. ಪೆನ್ಷನ್ ಪಾರ್ಟಿ ಊಟ ಆಮೇಲೆ ಹಾಕಿಸಬಹುದು.